ಅಜ್ಜಿಯ ಹುಣಸೆಮರದ ಕೊಕ್ಕರೆಗಳು

ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗಿನ ಜಾವ ನಾಲ್ಕೂವರೆಗೆ ಬೆಂಗಳೂರು ಬಿಟ್ಟೆವು. ನಾನು, ನನ್ನ ತಮ್ಮ, ಮಡಿಲಲ್ಲಿ ಮಗುವಿನಂತೆ ಹಿಡಿದುಕೊಂಡ, ದೂರದ ಹಕ್ಕಿಯನ್ನು ಹತ್ತಿರ ತರುವ 150-600 ಕ್ಯಾಮೆರಾ ಲೆನ್ಸ್. ಎಕ್ಸ್‌ಪ್ರೆಸ್‌ವೇ ಬಿಟ್ಟು ಮೈಸೂರಿನ ಹಳೇ ರಸ್ತೆಗೆ ಇಳಿದು ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ಹೊರಳಿದರೆ, ಸುಮಾರು 12 ಕಿಲೋಮೀಟರ್ ಒಳಗೆ ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕಿನ ಊರು.

ಇಲ್ಲಿ ಹಕ್ಕಿ ನೋಡಲು ಕಾಡಿಗೆ ಹೋಗಬೇಕಿಲ್ಲ. ಹೆಂಚಿನ ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೇ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಹಸು ಕಟ್ಟಿರುತ್ತಾರೆ, ಮೇಲೆ ಮರಿಗಳು ಅರಚುತ್ತಿರುತ್ತವೆ. ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರಿನವರು ಈ ಹಕ್ಕಿಗಳನ್ನು ಕರೆಯುವುದು. ಗೂಡಿರುವ ಮರದ ಹುಣಸೆಹಣ್ಣನ್ನು ಬಡಿಯುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಸ್ವಲ್ಪ ಪರಿಹಾರ ಕೊಡುತ್ತದೆ. ಹಿಕ್ಕೆ ಬೀಳುವ ಕಡೆ ಗುಂಡಿ ತೋಡಿ, ಕೆರೆಯ ಗೋಡುಮಣ್ಣು ತುಂಬಿ ಗೊಬ್ಬರ ಮಾಡುವ ರೂಢಿಯೂ ಇದೆ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಊರಿನವರು ಕಾಪಾಡುತ್ತಾ ಬಂದದ್ದು ಅದಕ್ಕಿಂತ ಎಷ್ಟೋ ಹಿಂದಿನಿಂದ.

ಬೆಳಕು ಬಿದ್ದ ಕೂಡಲೇ ಹೆಜ್ಜಾರ್ಲೆಗಳು ಶಿಂಷಾ ಹೊಳೆಯ ಕಡೆಗೆ ಹೊರಟವು. ಏಳೆಂಟು ಅಡಿ ಅಗಲದ ರೆಕ್ಕೆ ತಲೆಯ ಮೇಲೇ ಹಾದುಹೋದರೆ ಗಾಳಿಯ ಸದ್ದು ಕಿವಿಗೆ ಕೇಳುತ್ತದೆ. ಮೊದಲ ನೂರು ಫೋಟೋ ಕೆಟ್ಟವು. ಆಕಾಶದ ಎದುರು ಹಕ್ಕಿ ಬರೀ ಕಪ್ಪು ನೆರಳಾಯಿತು. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದೆ, ಅಂದರೆ ಕ್ಯಾಮೆರಾದೊಳಗೆ ಬೀಳುವ ಬೆಳಕನ್ನು ಎರಡರಷ್ಟು ಮಾಡಿದೆ, ಸರಿಹೋಯಿತು. ಅದೇ ಸೆಟ್ಟಿಂಗ್‌ನಲ್ಲಿ ಬಿಸಿಲಿಗೆ ಕೂತ ಕೊಕ್ಕರೆಗೆ ಹಿಡಿದರೆ ಫೋಟೋದಲ್ಲಿ ಬಿಳಿ ಗರಿಯೆಲ್ಲ ಸುಟ್ಟುಹೋಯಿತು, ಗೆರೆಯೂ ಕಾಣದ ಬರೀ ಬಿಳುಪು. ಹಿಂದೆ ಎಲೆಗಳ ಕತ್ತಲೆ ಇದ್ದರೆ ಒಂದು ಸ್ಟಾಪ್ ಇಳಿಸಲೇಬೇಕು. ಬಿಳಿ ಹಕ್ಕಿ ತೆಗೆಯುವವರು ಇದನ್ನು ಬೆರಳಿಗೆ ರೂಢಿ ಮಾಡಿಕೊಳ್ಳಿ, ಆಮೇಲೆ ಸರಿಮಾಡೋಣ ಅಂದರೆ ಸುಟ್ಟ ಗರಿ ವಾಪಸ್ ಬರುವುದಿಲ್ಲ.

ಹತ್ತು ಗಂಟೆ ದಾಟಿತ್ತು. ಒಂದು ಬಣ್ಣದ ಕೊಕ್ಕರೆ ಗೂಡಿನಲ್ಲಿ ಅಲ್ಲಾಡದೆ ನಿಂತಿತ್ತು. ನನಗೆ ಹಾರುವ ಫೋಟೋ ಬೇಕಿತ್ತು. ಚಪ್ಪಾಳೆ ತಟ್ಟಲು ಕೈ ಎತ್ತಿದೆ.

“ಏ ಮಗ, ಬಾಣಂತಿನ ಯಾರಾದ್ರೂ ಎಬ್ಬಿಸ್ತಾರಾ?”

ಜಗಲಿಯ ಮೇಲೆ ಕೂತಿದ್ದ ಅಜ್ಜಿ. ಮರ ಅವರದೇ. ಕೈ ತಾನಾಗಿಯೇ ಕೆಳಗಿಳಿಯಿತು. ತಾಯಿ ಎದ್ದು ಹೋದರೆ ಆ ಬಿಸಿಲಿಗೆ ಗರಿ ಬಾರದ ಮರಿಗಳ ಗತಿ ಏನು? ನಾಲ್ಕು ವರ್ಷದಿಂದ ಕ್ಯಾಮೆರಾ ಹಿಡಿದವನಿಗೆ ಅದು ಹೊಳೆದಿರಲಿಲ್ಲ. ತಪ್ಪಾಯ್ತಜ್ಜಿ ಅಂದೆ. “ಕೂತ್ಕೋ, ನೆರಳಿಗೆ ಬಾ” ಅಂದು ನೀರು ಕೊಟ್ಟರು.

ಜಗಲಿಯಲ್ಲೇ ಕೂತು ಕಾದೆವು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಬಿಸಿಲು ನೆತ್ತಿಗೇರುತ್ತಾ ಬಂದ ಹಾಗೆ ಕೊಕ್ಕರೆ ನಿಧಾನವಾಗಿ ಸೂರ್ಯನಿಗೆ ಬೆನ್ನು ಹಾಕಿತು. ಎರಡೂ ರೆಕ್ಕೆ ಬಿಚ್ಚಿ, ಸ್ವಲ್ಪ ಕೆಳಗೆ ಬಾಗಿಸಿ, ಕೊಡೆ ಹಿಡಿದಂತೆ ನಿಂತಿತು. ಬೆನ್ನಿನ ಗುಲಾಬಿ ಗರಿಗಳು ಹೊಳೆದವು. ಆ ನೆರಳಿನೊಳಗೆ ಮರಿಗಳ ತಲೆ ಕಂಡವು. ಶಟರ್ ಒತ್ತುವಾಗ ಉಸಿರು ಹಿಡಿದಿದ್ದೆ. ಅವತ್ತು ಮನೆಗೆ ತಂದ ಫೋಟೋಗಳಲ್ಲಿ ನನಗೆ ಬೇಕಾದದ್ದು ಅದೊಂದೇ.

ಕ್ಯಾಮೆರಾ ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಹತ್ತಿರ ಹಿಡಿದು, ಬೆರಳಿಟ್ಟು ಎಣಿಸಿದರು.

“ಮೂರು ಮರಿ ಅವೆ! ನಾನು ಎರಡೇ ಅಂದ್ಕಂಡಿದ್ದೆ ಕಣ್ ಮಗ.”