ಹಗರಿ ದಂಡೆಯ ಒಣಸೀಮೆ: ಸಂಶೋಧನೆಗೆ ಹೊರಟವರಿಗೆ ಅಳತೆಯ ಮಾತು

ಆಂಧ್ರದ ಅನಂತಪುರ ಜಿಲ್ಲೆಯ ಪಡುವಣ ಅಂಚಿನಲ್ಲಿ, ಹಗರಿ ಹೊಳೆಯ ಸೀಮೆಯಲ್ಲಿ, ರಾಯದುರ್ಗ, ಗುಮ್ಮಗಟ್ಟ, ಕಣೇಕಲ್ಲು, ಬೊಮ್ಮನಹಾಳ್, ಡಿ. ಹೀರೇಹಾಳ್ ಮಂಡಲಗಳಿವೆ. ಇಲ್ಲಿನ ಎಷ್ಟೋ ಊರುಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಬರ, ಬೋರ್‌ವೆಲ್, ಉಸುಕು, ಗುಳೆ ಅಂತ ವಿಷಯ ಹಿಡಿದು ಎಂ.ಎಸ್ಸಿ., ಪಿಎಚ್.ಡಿ. ಮಾಡುವವರು ಈ ಕಡೆ ಬರುತ್ತಾರೆ, ಬರಲೂ ಬೇಕು. ಅಂಥ ಪ್ರಬಂಧಗಳು ಹೆಚ್ಚಾಗಿ ಎಡವುವ ಜಾಗ ಅಳತೆ. ಊರಿನ ಇಂಚು ಒಂದು, ಪುಸ್ತಕದ ಇಂಚು ಇನ್ನೊಂದು. ಊರಿನ ಮಳೆಗೆ ಹೆಸರಿದೆ, ಕಚೇರಿಯ ಮಳೆಗೆ ತಾರೀಕಿದೆ. ಎರಡನ್ನೂ ಕೂಡಿಸಿ ಓದದಿದ್ದರೆ ಎರಡು ವರ್ಷದ ಕೆಲಸವೂ ನಿಲ್ಲುವುದಿಲ್ಲ.

ಮೊದಲು ಹಳೆಯ ದಾಖಲೆ. ಅನಂತಪುರ ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ, ಬಳ್ಳಾರಿಯಿಂದ ಒಡೆದು. ಆದರೆ ರಾಯದುರ್ಗ ತಾಲ್ಲೂಕು ಆಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾದವು. ಮೊದಲಿನೆರಡು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಸೇರಿತು. ಹಾಗಾಗಿ ರಾಯದುರ್ಗದ ಹಳೆಯ ಮಳೆ, ಬೆಳೆ, ಕ್ಷಾಮದ ಅಂಕಿ ಬೇಕಾದವರು ಹುಡುಕಬೇಕಾದ್ದು ಬಳ್ಳಾರಿ ಜಿಲ್ಲೆಯ ಕಡತಗಳನ್ನು. 1904ರಲ್ಲಿ ಮದ್ರಾಸಿನಿಂದ ಬಂದ ಬಳ್ಳಾರಿ ಗೆಜೆಟಿಯರಿನಲ್ಲಿ ರಾಯದುರ್ಗ ಇದೆ, ಮರುವರ್ಷದ ಅನಂತಪುರ ಗೆಜೆಟಿಯರಿನಲ್ಲಿ ಇಲ್ಲ. ಇದು ಗೊತ್ತಿಲ್ಲದೆ 'ಹಳೆಯ ಮಾಹಿತಿ ಲಭ್ಯವಿಲ್ಲ' ಅಂತ ಬರೆದು ಮುಗಿಸಿಬಿಡುವ ಅಪಾಯ ಇದೆ. ಮುಂದೆ 1985ರಲ್ಲಿ ತಾಲ್ಲೂಕುಗಳು ಒಡೆದು ಮಂಡಲಗಳಾದವು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಬೇರೆಯಾಗಿ ಮಡಕಶಿರ ಅತ್ತ ಹೋಯಿತು. 'ಅನಂತಪುರ ಜಿಲ್ಲೆಯ ಶೇಂಗಾ ವಿಸ್ತೀರ್ಣ' ಅಂತ ಐವತ್ತು ವರ್ಷದ ಗೆರೆ ಎಳೆದರೆ, 2022ರಲ್ಲಿ ಕಾಣುವ ಕುಸಿತಕ್ಕೆ ಗಡಿ ಬದಲಾದದ್ದೇ ದೊಡ್ಡ ಕಾರಣ ಆಗಿರಬಹುದು. ಅಂಕಿಯನ್ನು ಮಂಡಲದ ಮಟ್ಟಕ್ಕಿಳಿಸಿ ಹಳೆಯ ತಾಲ್ಲೂಕಿಗೆ ಮತ್ತೆ ಕೂಡಿಸಿಕೊಂಡು ಬನ್ನಿ. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಇದು ಒಣಪ್ರದೇಶವೋ ಅರೆ ಒಣಪ್ರದೇಶವೋ? ಮೌಖಿಕ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ವರ್ಷದ ಮಳೆಯನ್ನು ಸಂಭಾವ್ಯ ಬಾಷ್ಪವಿಸರ್ಜನೆಯಿಂದ, ಅಂದರೆ ಗಾಳಿ ಬಿಸಿಲು ವರ್ಷಕ್ಕೆ ಎಳೆದುಕೊಳ್ಳಬಲ್ಲ ನೀರಿನಿಂದ, ಭಾಗಿಸಿ ಬರುವ ಸೂಚ್ಯಂಕ 0.05ರಿಂದ 0.20 ಇದ್ದರೆ ಒಣ, 0.20ರಿಂದ 0.50 ಇದ್ದರೆ ಅರೆ ಒಣ. ಅನಂತಪುರದ ವಾಡಿಕೆ ಮಳೆ ಸುಮಾರು 550 ಮಿ.ಮೀ., ಗಾಳಿ ಬಿಸಿಲು ಎಳೆದುಕೊಳ್ಳಬಲ್ಲ ನೀರು ಅದರ ಮೂರು ಪಟ್ಟಿಗೂ ಹೆಚ್ಚು. ಈ ಲೆಕ್ಕದಲ್ಲಿ ಇದು ಅರೆ ಒಣ. ದೇಶದ ಕೃಷಿ ಪರಿಸರ ವಲಯಗಳ ನಕಾಶೆಯಲ್ಲಿ ಮಾತ್ರ ಬಳ್ಳಾರಿ, ಅನಂತಪುರದ ಕಡೆ ಮೂರನೇ ವಲಯಕ್ಕೆ, ಅಂದರೆ ದಖ್ಖನಿನ ಬಿಸಿ ಒಣ ವಲಯಕ್ಕೆ ಬರುತ್ತದೆ. ಬೆಳೆ ಬೆಳೆಯುವಷ್ಟು ತೇವ ಇಲ್ಲಿ ವರ್ಷಕ್ಕೆ 90 ದಿನವೂ ನಿಲ್ಲುವುದಿಲ್ಲ ಅನ್ನುವುದೇ ಅದಕ್ಕೆ ಆಧಾರ. ಎರಡೂ ಸರಿ. ಯಾವ ಅಳತೆಗೋಲು ಹಿಡಿದಿರಿ ಅಂತ ಮೊದಲ ಅಧ್ಯಾಯದಲ್ಲೇ ಒಂದು ಸಾಲು ಬರೆದು ಕೊನೆಯವರೆಗೆ ಅದನ್ನೇ ಉಳಿಸಿಕೊಳ್ಳಿ. ಮರುಭೂಮೀಕರಣ ಅನ್ನುವ ಪದವೂ ಹೀಗೇ. 1994ರ ವಿಶ್ವಸಂಸ್ಥೆಯ ಒಡಂಬಡಿಕೆ ಅದನ್ನು ಒಣ, ಅರೆ ಒಣ ಮತ್ತು ಒಣ ಉಪಆರ್ದ್ರ ನೆಲ ಸತ್ವ ಕಳೆದುಕೊಳ್ಳುವುದು ಅಂತ ಹೇಳುತ್ತದೆ. ರಾಜಸ್ಥಾನದ ಥಾರ್ ಇತ್ತ ನಡೆದು ಬರುತ್ತಿದೆ ಅಂತ ಅರ್ಥವಲ್ಲ.

ಇನ್ನು ಮಳೆ. ಮಂಡಲ ಕೇಂದ್ರದ ಮಳೆಮಾಪಕ ನೀವು ಕೆಲಸ ಮಾಡುವ ಊರಿನಿಂದ ಹತ್ತು ಹದಿನೈದು ಕಿ.ಮೀ. ದೂರ ಇರಬಹುದು. ಇಲ್ಲಿನ ಮಳೆ ಒಂದು ಹೊಲ ತೋಯಿಸಿ ಪಕ್ಕದ ಹೊಲ ಬಿಡುವ ಮಳೆ. ಊರಲ್ಲೇ ಒಂದು ಮಾಪಕ ಇಡಲೇಬೇಕು. ಬಾಯಿಯ ಅಂಚು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಸಮಮಟ್ಟವಾಗಿರಲಿ. ಗೋಡೆ, ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಲಿ. ಓದುವ ಹೊತ್ತು ಬೆಳಿಗ್ಗೆ 8.30. ದೊಡ್ಡ ತಪ್ಪು ಆಗುವುದು ಅಳತೆ ಗಾಜಿನಲ್ಲಿ. 200 ಚದರ ಸೆಂ.ಮೀ. ಬಾಯಿಯ ಮಾಪಕದಲ್ಲಿ 1 ಮಿ.ಮೀ. ಮಳೆ ಅಂದರೆ 20 ಮಿ.ಲೀ. ನೀರು, 100 ಚದರ ಸೆಂ.ಮೀ. ಬಾಯಿಯದರಲ್ಲಿ 10 ಮಿ.ಲೀ. ಗಾಜು ಒಡೆದು ಇನ್ನೊಂದರ ಗಾಜು ತಂದಿಟ್ಟರೆ ಮಳೆ ಇಮ್ಮಡಿಯಾಗುತ್ತದೆ, ಇಲ್ಲವೇ ಅರ್ಧವಾಗುತ್ತದೆ. ಮಾಪಕ ನೋಡಿಕೊಳ್ಳುವವರಿಗೆ ಮಿ.ಲೀ. ಲೆಕ್ಕದಲ್ಲೇ ಬರೆಯಲು ಹೇಳಿ, ಮಿ.ಮೀ.ಗೆ ನೀವೇ ತಿರುಗಿಸಿ. ಸೊನ್ನೆ ಮಳೆಯ ದಿನವೂ ಸೊನ್ನೆ ಅಂತ ಬರೆಯಬೇಕು. ಖಾಲಿ ಬಿಟ್ಟ ಜಾಗ ಮಳೆ ಇಲ್ಲದ ದಿನವೋ ಓದದ ದಿನವೋ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ವರ್ಷದ ಮೊತ್ತ ಇಲ್ಲಿ ಹೇಳುವುದು ಕಡಿಮೆ. ಶೇಂಗಾಕ್ಕೆ ಮುಖ್ಯವಾದ್ದು ನಡುವಿನ ಬಿಡುವು. ಹೂವಿನಿಂದ ಸೂಜಿ (ಮುಂದೆ ಕಾಯಿಯಾಗುವ ಎಳೆ) ಮಣ್ಣಿಗಿಳಿಯುವ ಹೊತ್ತಿಗೂ ಕಾಯಿ ತುಂಬುವ ಹೊತ್ತಿಗೂ ಮೂರು ವಾರ ಮಳೆ ಹೋದರೆ ವಾಡಿಕೆಗಿಂತ ಹೆಚ್ಚು ಮಳೆಯಾದ ವರ್ಷವೂ ಬೆಳೆ ಹೋಗುತ್ತದೆ. 2.5 ಮಿ.ಮೀ.ಗಿಂತ ಕಡಿಮೆಯ ದಿನಗಳನ್ನು ಮಳೆದಿನ ಅಂತ ಹಿಡಿಯದೆ, ಒಣದಿನಗಳ ಸರಣಿಯನ್ನು ಬಿತ್ತನೆಯ ತಾರೀಕಿನಿಂದ ಎಣಿಸಿ. ರೈತರು ಇದನ್ನೇ ಮಳೆನಕ್ಷತ್ರದಲ್ಲಿ ಎಣಿಸುತ್ತಾರೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರ ಜೂನ್ 22ಕ್ಕೆ, ಹುಬ್ಬೆ ಆಗಸ್ಟ್ 30ಕ್ಕೆ, ಹಸ್ತ ಸೆಪ್ಟೆಂಬರ್ 27ಕ್ಕೆ ಹುಟ್ಟುತ್ತದೆ. ಒಂದು ದಿನ ಹಿಂದುಮುಂದು ಇರಬಹುದು. 'ಐದು ವರ್ಷದ ಹಿಂದೆ ಮಳೆ ಎಷ್ಟಾಯಿತು' ಅಂತ ಕೇಳಿದರೆ ಉತ್ತರ ಬರೀ ಅಂದಾಜು. 'ತಾತ, ಆ ವರ್ಷ ಯಾವ ಮಳೆಗೆ ಹದ ಆಯ್ತು, ಯಾವ ಮಳೆ ಕೈಕೊಡ್ತು' ಅಂತ ಕೇಳಿ, ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಉತ್ತರವನ್ನು ಮಂಡಲದ ದೈನಿಕ ಮಳೆಯ ಪಕ್ಕದಲ್ಲಿಟ್ಟು ನೋಡಬಹುದು. ಹೊಂದದ ಕಡೆಯೇ ಒಳ್ಳೆಯ ಸಂಶೋಧನಾ ಪ್ರಶ್ನೆ ಇರುತ್ತದೆ.

ಬೋರ್‌ವೆಲ್ ವಿಷಯಕ್ಕೆ ಬಂದರೆ 'ಎರಡು ಇಂಚು ನೀರು ಬಿತ್ತು' ಅನ್ನುವ ಮಾತು ಎಲ್ಲೆಲ್ಲೂ ಕೇಳುತ್ತದೆ. ಕೊರೆಯುವ ಲಾರಿಯವರು ಹೇಳುವ ಇಂಚು, ವಿ ಆಕಾರದ ಕಚ್ಚಿರುವ ತಗಡಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯಿತು ಅನ್ನುವುದು. ತೊಂಬತ್ತು ಡಿಗ್ರಿ ಕಚ್ಚಿನಲ್ಲಿ ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಅಂದರೆ ಸುಮಾರು 2,900, ಮೂರು ಇಂಚು ಅಂದರೆ ಹತ್ತಿರ ಹತ್ತಿರ 8,000. ಇಂಚು ಇಮ್ಮಡಿಯಾದರೆ ನೀರು ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಆದ್ದರಿಂದ ಇಂಚುಗಳ ಸರಾಸರಿ ತೆಗೆಯುವುದಕ್ಕೆ ಅರ್ಥವೇ ಇಲ್ಲ. ಸಾಲದ್ದಕ್ಕೆ ಕೆಲವರು ಪೈಪಿನ ಅಳತೆಯನ್ನೂ ಇಂಚು ಅಂತಲೇ ಹೇಳುತ್ತಾರೆ. 200 ಲೀಟರಿನ ಡ್ರಮ್ ಒಂದನ್ನು ಪೈಪಿಗೆ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು ಅಂತ ಮೂರು ಸಲ ನೋಡುವುದೇ ನಂಬುವ ದಾರಿ. ಮೋಟಾರ್ ಹಾಕಿದ ಕೂಡಲೇ ಅಳೆಯಬೇಡಿ. ಕೊಳವೆಯಲ್ಲಿ ನಿಂತ ನೀರು ಮೊದಲು ಬರುತ್ತದೆ, ಆಮೇಲೆ ಇಳಿಯುತ್ತದೆ. ಅರ್ಧ ಗಂಟೆ ಕಾಯಿರಿ.

ನಿಂತ ನೀರಿನ ಮಟ್ಟ ಅಳೆಯುವುದು ಇದಕ್ಕಿಂತ ಕಷ್ಟ. ಹೆಚ್ಚಿನ ಮೋಟಾರುಗಳಿಗೆ ಆಟೋ ಸ್ಟಾರ್ಟರ್ ಇದೆ, ಕರೆಂಟ್ ಬಂದ ಗಳಿಗೆಗೆ ಓಡುತ್ತವೆ. ಕರೆಂಟ್ ಬರುವ ಮುಂಚೆಯೇ ಹೊಲದಲ್ಲಿರಬೇಕು, ಅಕ್ಕಪಕ್ಕದ ಬೋರುಗಳೂ ರಾತ್ರಿಯೆಲ್ಲ ನಿಂತಿರಬೇಕು. ಇಳಿಬಿಟ್ಟ ಟೇಪು ಕೇಬಲ್ಲಿಗೂ ಪೈಪಿಗೂ ನಡುವೆ ಸಿಕ್ಕಿಕೊಂಡರೆ ಟೇಪೂ ಹೋಗುತ್ತದೆ, ಮೋಟಾರ್ ಎತ್ತಿಸುವ ಖರ್ಚೂ ರೈತನ ತಲೆಗೆ ಬೀಳುತ್ತದೆ. ರಿಪೇರಿಗೆ ಮೋಟಾರ್ ಎತ್ತಿದ ದಿನ ಯಜಮಾನರನ್ನು ಕೇಳಿ ಅರ್ಧ ಇಂಚಿನ ಪಿ.ವಿ.ಸಿ. ಪೈಪನ್ನು ಜೊತೆಗೆ ಕಟ್ಟಿ ಇಳಿಸಿಬಿಟ್ಟರೆ ಮುಂದೆ ಎಷ್ಟು ಸಲ ಬೇಕಾದರೂ ತೊಡಕಿಲ್ಲದೆ ಅಳೆಯಬಹುದು. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚೆ, ಆಗಸ್ಟ್, ನವೆಂಬರ್. ನಿಮ್ಮ ಅಳತೆಯೂ ಅದೇ ತಿಂಗಳುಗಳಿಗೆ ಬಿದ್ದರೆ ಹೋಲಿಸಲು ಬರುತ್ತದೆ.

ಮಣ್ಣು ನೀರು ಕುಡಿಯುವ ವೇಗ ನೋಡಲು 30 ಮತ್ತು 60 ಸೆಂ.ಮೀ. ಅಡ್ಡಗಲದ ಜೋಡಿ ಬಳೆಗಳನ್ನು ಒಂದರೊಳಗೊಂದು ನೆಲಕ್ಕೆ ಬಡಿದು, ನೀರು ನಿಲ್ಲಿಸಿ ನೋಡುತ್ತಾರೆ. ಒಂದು ಸಲ 10 ಸೆಂ.ಮೀ. ನಿಲ್ಲಿಸಲು 28 ಲೀಟರ್ ಬೇಕು, ಉಸುಕು ನೆಲದಲ್ಲಿ ಗಂಟೆಗೆ ಅದರ ಎರಡು ಮೂರು ಪಟ್ಟು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನ ಎದುರಿಗೆ ಕೊಡಗಟ್ಟಲೆ ನೀರನ್ನು ನೆಲಕ್ಕೆ ಸುರಿಯುವುದು ಸರಿಯಲ್ಲ. 15 ಸೆಂ.ಮೀ.ಯ ಒಂಟಿ ಬಳೆಗೆ ಎರಡು ಲೀಟರೂ ಬೇಡ. ಪಕ್ಕಕ್ಕೆ ಹರಡುವ ನೀರಿಗೆ ತಿದ್ದುಪಡಿ ಲೆಕ್ಕ ಮಾಡಿದರೆ ಸಾಕು, ಉಳಿದ ನೀರಲ್ಲಿ ಹೆಚ್ಚು ಜಾಗ ನೋಡಬಹುದು. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ ಮೊದಲ ಮಳೆಗೆ ಮೇಲೊಂದು ಗಟ್ಟಿ ಹೆಪ್ಪು ಕಟ್ಟುತ್ತದೆ. ಬಳೆ ಬಡಿಯುವಾಗ ಅದು ಸೀಳಿದರೆ ನೀರು ಬೇಗ ಇಳಿದು ಲೆಕ್ಕ ಸುಳ್ಳಾಗುತ್ತದೆ. ಕಪ್ಪು ಮಣ್ಣಿನ ಎರೆಹೊಲದಲ್ಲಿ ಬಿರುಕು ಬಿಟ್ಟ ಬೇಸಿಗೆಯ ಅಳತೆಗೂ ಮಳೆಗಾಲದ ಅಳತೆಗೂ ಸಂಬಂಧವೇ ಇರುವುದಿಲ್ಲ.

ಈ ಸೀಮೆಗೇ ವಿಶಿಷ್ಟವಾದದ್ದು ಹಗರಿಯ ಉಸುಕು. ವೇದಾವತಿ ಇಲ್ಲಿ ಹಗರಿಯಾಗಿ ಬಡಗಣಕ್ಕೆ ಹರಿಯುತ್ತದೆ. ಮೇಲೆ ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಕೆಳಗೆ ಗುಮ್ಮಗಟ್ಟದ ಕಡೆ ಭೈರವಾನಿತಿಪ್ಪ ಅಣೆಕಟ್ಟು. ವರ್ಷದ ಬಹುಪಾಲು ಹೊಳೆ ಒಣಗಿ ಉಸುಕು ಬಯಲಾಗಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಪಡುವಣ ಗಾಳಿ ಅದನ್ನೆತ್ತಿ ಮೂಡಣ ದಂಡೆಯ ಹೊಲಗಳಿಗೆ ಸುರಿಯುತ್ತದೆ. ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನ ಸುತ್ತ ಈ ದಿಬ್ಬಗಳು ಕಣ್ಣಿಗೇ ಕಾಣುತ್ತವೆ. ಅಲ್ಲಿಗೆ ಹೋದವರು ಒಂದು ಮೀಟರ್ ಉದ್ದದ, ಬೆರಳಿಗಿಂತ ಸಪುರವಾದ ಕಡ್ಡಿಗಳನ್ನು ಗಾಳಿಯ ದಿಕ್ಕಿಗೆ ಸಾಲಾಗಿ ಅರ್ಧದಷ್ಟು ನೆಟ್ಟು, ತುದಿಯಿಂದ ಉಸುಕಿನವರೆಗೆ ಹದಿನೈದು ದಿನಕ್ಕೊಮ್ಮೆ ಅಳೆಯಬೇಕು. ಕಡ್ಡಿ ದಪ್ಪಗಿದ್ದರೆ ಗಾಳಿ ಅದರ ಬುಡವನ್ನೇ ಕೊರೆಯುತ್ತದೆ, ಉಸುಕು ಹೋಯಿತು ಅಂತ ತಪ್ಪು ತಿಳಿಯುತ್ತೇವೆ. ಬುಡಕ್ಕೆ ಒಂದು ಗೇಣು ಆಚೆ ಪಟ್ಟಿಯಿಟ್ಟು ಅಳೆದರೆ ಈ ದೋಷ ತಪ್ಪುತ್ತದೆ. ಕಬ್ಬಿಣದ ಕಡ್ಡಿ ಗುಜರಿ ಸೇರುತ್ತದೆ, ಬಿದಿರಿನದು ಉಳಿಯುತ್ತದೆ. ಮೇ ತಿಂಗಳಲ್ಲಿ ಒಂದು ಸಲ, ಡಿಸೆಂಬರಿನಲ್ಲಿ ಒಂದು ಸಲ ಹೋಗಿ ಬಂದವರಿಗೆ ನಡುವೆ ಉಸುಕು ಬಂದು ಹೋದದ್ದು ಗೊತ್ತೇ ಆಗುವುದಿಲ್ಲ, ಟ್ರಾಕ್ಟರ್ ಹಾಕಿ ತೆಗೆಸಿದ್ದೂ ಕಾಣುವುದಿಲ್ಲ. ಹೊಲದವರನ್ನು ಕೇಳಿ, ತೆಗೆಸಿದ ಟ್ರಿಪ್ಪುಗಳನ್ನೂ ಬರೆದುಕೊಳ್ಳಿ.

ಉಪಗ್ರಹದ ಚಿತ್ರ ಸಹಾಯಕ್ಕೆ ಬರುತ್ತದೆ. 1984ರಿಂದ 30 ಮೀಟರಿನ ಲ್ಯಾಂಡ್‌ಸ್ಯಾಟ್, 2015ರಿಂದ 10 ಮೀಟರಿನ ಸೆಂಟಿನೆಲ್, ಎರಡೂ ಪುಕ್ಕಟೆ. ಇಲ್ಲಿ ಎರಡು ಮೋಸ ಕಾದಿರುತ್ತವೆ. ಶೇಂಗಾ ಕಿತ್ತ ಮಸಾರಿ ಹೊಲ, ಒಣಗಿದ ಕೆರೆಯಂಗಳ, ಹಗರಿಯ ಉಸುಕು ಮೂರೂ ಬೇಸಿಗೆಯಲ್ಲಿ ಬೆಳ್ಳಗೆ ಒಂದೇ ಥರ ಕಾಣುತ್ತವೆ. ಒಂದೇ ಬಗೆಯ ನೆಲ 30 ಮೀಟರಾದರೂ ಹರಡಿರುವ ಜಾಗದ ನಡುವೆ ನಿಂತು ಗುರುತು ಹಾಕಿಕೊಂಡ ಬಿಂದುಗಳಿಲ್ಲದೆ ಇವನ್ನು ಬೇರ್ಪಡಿಸಲು ಆಗುವುದಿಲ್ಲ. ಇನ್ನೊಂದು ಬಳ್ಳಾರಿ ಜಾಲಿ. ತೆಲುಗಿನವರು ಸರ್ಕಾರು ತುಮ್ಮ ಅನ್ನುವ ಈ ಗಿಡ ಬೇಸಿಗೆಯಲ್ಲೂ ಹಸಿರು. ಬೀಳುಬಿಟ್ಟ ಹೊಲಕ್ಕೆ ಅದು ಹಬ್ಬಿದರೆ ಹಸಿರಿನ ಸೂಚ್ಯಂಕ ಏರುತ್ತದೆ, ಪರದೆಯ ಮೇಲೆ ನೆಲ ಸುಧಾರಿಸಿದಂತೆ ಕಾಣುತ್ತದೆ. ಆ ಹೊಲದವರು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ.

ಮನೆ ಸಮೀಕ್ಷೆಗೂ ಇದೇ ಕಾರಣಕ್ಕೆ ಕಾಲ ನೋಡಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಬೀಗ ಹಾಕಿದ ಮನೆಗಳನ್ನು ಬಿಟ್ಟು ಪಕ್ಕದ ಮನೆಗೆ ಹೋದರೆ, ಪಟ್ಟಿಯಲ್ಲಿ ಉಳಿಯುವುದು ವಯಸ್ಸಾದವರು ಮತ್ತು ನೀರಿರುವವರು. ಯುಗಾದಿಗೆ, ಊರ ಜಾತ್ರೆಗೆ ಎಲ್ಲರೂ ಬರುತ್ತಾರೆ, ಬಿಟ್ಟ ಮನೆಗಳನ್ನು ಆಗ ಮುಗಿಸಿ. ಎಷ್ಟು ಮನೆ ಅನ್ನುವ ಪ್ರಶ್ನೆಗೆ ಒಳ್ಳೆಯ ಮಾದರಿ, ಒಣಸೀಮೆ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1975ರಲ್ಲಿ ಶುರು ಮಾಡಿದ ಗ್ರಾಮ ಅಧ್ಯಯನ. ಸೊಲ್ಲಾಪುರ ಜಿಲ್ಲೆಯ ಶಿರಾಪುರವೂ ಅದರಲ್ಲಿತ್ತು. ಊರಿಗೆ 40 ಮನೆ, ಭೂಮಿ ಇಲ್ಲದವರು, ಸಣ್ಣ, ಮಧ್ಯಮ, ದೊಡ್ಡ ಹಿಡುವಳಿಯವರು ತಲಾ ಹತ್ತು. ಒಂದೇ ಸಲಕ್ಕೆ ನಾನೂರು ಮನೆ ಸುತ್ತುವುದಕ್ಕಿಂತ ನಲವತ್ತು ಮನೆಗೆ ನಾಲ್ಕು ಸಲ ಹೋಗುವುದು ಒಣಸೀಮೆಗೆ ಹೆಚ್ಚು ಒಪ್ಪುತ್ತದೆ.

ಜಮೀನಿನ ಲೆಕ್ಕದಲ್ಲಿ ಎಚ್ಚರ ಇರಲಿ. ಆಂಧ್ರದ ಹೊಲದ ದಾಖಲೆಯಾದ ಅಡಂಗಲ್‌ನಲ್ಲಿ 5.20 ಅಂದರೆ ಐದು ಎಕರೆ ಇಪ್ಪತ್ತು ಸೆಂಟ್, ಅಂದರೆ 5.2 ಎಕರೆ. ಗಡಿಯಾಚೆ ಬಳ್ಳಾರಿಯ ಪಹಣಿಯಲ್ಲಿ ಅದೇ ಬರಹ ಐದು ಎಕರೆ ಇಪ್ಪತ್ತು ಗುಂಟೆ, ಅಂದರೆ 5.5 ಎಕರೆ. ಎರಡೂ ಕಡೆ ಹೊಲ ಇರುವ ಮನೆಗಳಿವೆ. ಸಮ್ಮತಿ ಪತ್ರ ಎರಡೂ ಲಿಪಿಯಲ್ಲಿರಲಿ, ಆದರೆ ಮೊದಲ ದಿನವೇ ಹೆಬ್ಬೆಟ್ಟು ಕೇಳಬೇಡಿ. ಸಾಲ, ವಿಮೆ, ಪರಿಹಾರ ಎಲ್ಲಕ್ಕೂ ಹೆಬ್ಬೆಟ್ಟು ಒತ್ತಿ ಬೇಸತ್ತವರು ಇದೂ ಅಂಥದ್ದೇ ಅಂತ ಆಸೆಪಡುತ್ತಾರೆ, ಇಲ್ಲವೇ ಹೆದರುತ್ತಾರೆ. ಇದರಿಂದ ದುಡ್ಡು ಬರುವುದಿಲ್ಲ, ಹೋಗುವುದೂ ಇಲ್ಲ ಅಂತ ಬಾಯಿ ಬಿಟ್ಟು ಹೇಳಿ. ಕುರಿ ಎಷ್ಟು ಅಂತ ನೇರ ಕೇಳಿದರೆ ಸರಿಯಾದ ಉತ್ತರ ಬರುವುದು ಅಪರೂಪ. ಸಂಜೆ ರೊಪ್ಪದ ಬಳಿ ಮಾತಾಡುತ್ತ ಕೂತರೆ ಎಣಿಕೆ ತಾನೇ ಕಣ್ಣಿಗೆ ಬೀಳುತ್ತದೆ, ಬರೆದುಕೊಳ್ಳಲಾ ಅಂತ ಆಗ ಕೇಳಿ.

ಕೆಲಸ ಮುಗಿದ ಮೇಲೆ ಊರಿನ ಮಳೆ ಮತ್ತು ನೀರಿನ ಮಟ್ಟದ ಅಂಕಿಗಳನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ ಬೋರಿನ ಯಜಮಾನರಿಗೆ, ಶಾಲೆಗೆ, ಗ್ರಾಮ ಸಚಿವಾಲಯಕ್ಕೆ ಕೊಡಿ. ಮಳೆಮಾಪಕವನ್ನು ಅದನ್ನು ಓದುತ್ತಿದ್ದವರ ಕೈಗೇ ಬಿಟ್ಟು ಬನ್ನಿ. ಉಸುಕಿನಲ್ಲಿ ನೆಟ್ಟ ಕಡ್ಡಿಗಳನ್ನು ಮಾತ್ರ ಎಣಿಸಿ ಕಿತ್ತುಕೊಳ್ಳಬೇಕು. ಹೂತುಹೋಗಿ ಸಿಗದಿದ್ದವು ಎಲ್ಲಿವೆ ಅಂತ ಹೊಲದವರಿಗೆ ಜಾಗ ತೋರಿಸಿ ಹೇಳಿ ಬನ್ನಿ, ಮುಂದಿನ ಗಾಳಿಗೆ ಅವು ಮೇಲೆದ್ದು ಕುರಿಯ ಕಾಲಿಗೋ ಟ್ರಾಕ್ಟರಿನ ಟೈರಿಗೋ ಚುಚ್ಚುತ್ತವೆ.