ಜೋಸೆಫ್ ಬಿಡಿ ಸಿಗುದಿಲ್ಲ

"ಜೋಸೆಫ್ ಬಿಡಿ ಸಿಗುದಿಲ್ಲ ಮೇಡಂ. ಬೇಕಾದ್ರೆ ಸೆಟ್ಟೇ ತಗೊಳ್ಬೇಕು."

ಕ್ರಿಸ್ಮಸ್‌ಗೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಮಾಡಿ ಬೊಂಬೆ ಇಡುತ್ತೇವಲ್ಲ, ಅದೇ ಗೋದಲಿ. ಅದಕ್ಕೆ ಯೇಸುವಿನ ತಾಯಿ ಮರಿಯಮ್ಮನ ಗಂಡ ಜೋಸೆಫನ ಬೊಂಬೆ ಹುಡುಕುತ್ತಾ ಶನಿವಾರ ಸಂಜೆ ಮಂಗಳೂರಿನ ಹಂಪನಕಟ್ಟೆಯಲ್ಲಿ ನಾನು ಹೊಕ್ಕ ಮೂರನೇ ಅಂಗಡಿ ಅದು. ಮೊದಲ ಎರಡು ಕಡೆ ನಕ್ಕು ಸುಮ್ಮನಾಗಿದ್ದರು. ಇವನಿಗೆ ಸ್ವಲ್ಪ ಕರುಣೆ ಇತ್ತು. ಕೌಂಟರ್ ಅಡಿಯಿಂದ ಒಂದು ಪ್ಲಾಸ್ಟಿಕ್ ಬುಟ್ಟಿ ಎತ್ತಿಟ್ಟು, "ಬಿಡಿ ಎಲ್ಲ ಇದ್ರಲ್ಲಿ ಉಂಟು, ನೋಡಿ" ಅಂದ. ನೋಡಿದೆ. ಕುರಿಗಳೇ ಇಪ್ಪತ್ತೈದು ಮೂವತ್ತು. ಎರಡು ಒಂಟೆ, ರೆಕ್ಕೆ ಮುರಿದ ಒಬ್ಬ ದೇವದೂತ. ಯಾಕೋ ಗೊತ್ತಿಲ್ಲ, ಒಂದು ಹುಂಜ. ಜೋಸೆಫ್ ಇಲ್ಲ.

"ಮರಿಯಮ್ಮ ಬಿಡಿ ಸಿಗ್ತದಾ?" ಸುಮ್ನೆ ಕೇಳಿದೆ.

"ಮಾತೆ ಎಷ್ಟು ಬೇಕು? ಬಾಲಯೇಸು ಕೂಡ ಉಂಟು, ನಾಲ್ಕು ಸೈಜಲ್ಲಿ. ಗೋದಲಿಯ ಜೋಸೆಫನ್ನು ಯಾರೂ ಬಿಡಿ ಕೇಳುದಿಲ್ಲ ಮೇಡಂ."

ಆಮೇಲೆ ಏನೋ ನೆನಪಾದವನಂತೆ ಮೇಲಿನ ಹಲಗೆಯಿಂದ ಸಂತ ಜೋಸೆಫರ ಒಂದಡಿ ಎತ್ತರದ ಮೂರ್ತಿ ಇಳಿಸಿದ. ಚಂದವೇ ಇತ್ತು. ಆದರೆ ನಮ್ಮ ಮರಿಯಮ್ಮ ಇರುವುದು ಅರ್ಧ ಗೇಣು. ಈ ಮನುಷ್ಯ ನಿಂತರೆ ಅವನ ತಲೆ ಗೋದಲಿಯ ಮಾಡು ತೂತು ಮಾಡಿ ಹೊರಗೆ ಬರುತ್ತದೆ. ಅದೂ ಅಲ್ಲದೆ ಅವನ ಕೈಯಲ್ಲಿ ಆಗಲೇ ಒಂದು ಮಗು ಇತ್ತು. ಕೆಳಗೆ ಹುಲ್ಲಿನ ಮೇಲೆ ಇನ್ನೊಂದು ಮಲಗಿಸಿದರೆ ಅವಳಿ ಆಗುವುದಿಲ್ಲವೇ?

ಡಿಸೆಂಬರ್ ಬಂದರೆ ಅಟ್ಟದಿಂದ ನಿಡೋ ಹಾಲಿನ ಪುಡಿಯ ದೊಡ್ಡ ಡಬ್ಬ ಇಳಿಸುವುದು ತವರಿನಲ್ಲಿ ನನ್ನ ಕೆಲಸ. ತಮ್ಮ ಇರುವುದು ಕೆನಡಾದಲ್ಲಿ. ಅಲ್ಲಿಂದ ವಿಡಿಯೋ ಕಾಲ್ ಮಾಡಿ ನಕ್ಷತ್ರ ವಾಲಿದೆ ಎಂದು ಹೇಳುವುದು ಅವನ ಕೆಲಸ. ಡಬ್ಬದೊಳಗೆ ಗೋದಲಿಯ ಬೊಂಬೆಗಳು, ಒಂದೊಂದನ್ನೂ ಹಳೆಯ 'ರಾಕ್ಣೊ' ಕೊಂಕಣಿ ವಾರಪತ್ರಿಕೆಯ ಹಾಳೆಯಲ್ಲಿ ಸುತ್ತಿರುತ್ತದೆ. ಬಿಚ್ಚುವಾಗ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಯಾಕೆಂದರೆ ಮಮ್ಮಿ ಪ್ರತಿ ಹಾಳೆಯಲ್ಲೂ ಯಾರು ತೀರಿಕೊಂಡಿದ್ದರು ಎಂದು ಓದದೆ ಬಿಡುವುದಿಲ್ಲ. ಈ ಸಲ ಓದಿ ಮುಗಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಣಿಸಿದರೆ ಒಬ್ಬ ಕಡಿಮೆ. ಬಾಲಯೇಸುವನ್ನು ನೋಡಲು ಬಂದ ಮೂರು ರಾಯರು ಇದ್ದಾರೆ. ಕತ್ತೆ ಇದೆ. ಕಿವಿ ಇಲ್ಲದ ಎತ್ತು ಕೂಡ ಇದೆ. ಜೋಸೆಫ್ ನಾಪತ್ತೆ.

ಕಳೆದ ಜನವರಿ 6ಕ್ಕೆ, ಮೂರು ರಾಯರ ಹಬ್ಬದ ದಿನ, ಎಲ್ಲ ಕಟ್ಟಿಟ್ಟದ್ದು ನಾನೇ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದದ್ದೇ ಜಾಸ್ತಿ ಚುಚ್ಚಿತು. ಅಟ್ಟ ಗುಡಿಸಿದೆ, ಮಂಚದಡಿ ಹುಡುಕಿದೆ, ಮಗಳ ಆಟಿಕೆ ಪೆಟ್ಟಿಗೆ ಬೋರಲು ಹಾಕಿದೆ. "ಸುಮ್ನೆ ಆನ್‌ಲೈನ್ ತರಿಸು ಮಾರಾಯ್ತಿ" ಎಂದು ನಮ್ಮವರು ಸೋಫಾದಿಂದ ಏಳದೆ ಪರಿಹಾರ ಕೊಟ್ಟರು. ಅಲ್ಲೂ ಹುಡುಕಿದೆ. ಅಲ್ಲೂ ಸೆಟ್ಟೇ.

ಕ್ರಿಸ್ಮಸ್ ಅಲಂಕಾರ ಅಂದರೆ ಸಂಭ್ರಮ ಎಂದು ಹೇಳುವವರು ಒಂದು ಸಲ ಸ್ಟೂಲ್ ಹತ್ತಿ ನೋಡಬೇಕು. ಹನ್ನೊಂದು ದಿನ ಮೊದಲೇ ಗೆರಟೆಗಳಲ್ಲಿ ಭತ್ತ ಬಿತ್ತಿದ್ದೆ, ಗೋದಲಿಯ ಎದುರು ಹಸಿರು ಗದ್ದೆ ಬರಲಿ ಅಂತ. ಅರ್ಧ ಅಳಿಲಿಗೆ ಹೋಯಿತು, ಇನ್ನರ್ಧ ಹಳದಿ ಬಣ್ಣಕ್ಕೆ ತಿರುಗಿ ಬೋಳು ತಲೆಯ ಹಾಗೆ ಕಾಣುತ್ತಿದೆ. ಬೈಹುಲ್ಲು ಹಿಂದೆ ಯಾರ ಕೊಟ್ಟಿಗೆಗೆ ಹೋದರೂ ಒಂದು ಹಿಡಿ ಸಿಗುತ್ತಿತ್ತು. ಈಗ ಸುತ್ತಮುತ್ತ ಕೊಟ್ಟಿಗೆಯೇ ಇಲ್ಲ, ಒಂದು ಪ್ಯಾಕೆಟ್‌ಗೆ 80 ರೂಪಾಯಿ ಕೊಟ್ಟು ತಂದೆ. ಸೀರಿಯಲ್ ಸೆಟ್ಟಿನ ಕಥೆ ಹೇಳುವುದೇ ಬೇಡ. ಒಂದು ಬಲ್ಬ್ ಹೋದರೆ ಇಡೀ ಸಾಲು ಹೋಗುತ್ತದೆ. ಯಾವುದು ಆ ಒಂದು ಎಂದು ಕಂಡುಹಿಡಿಯುವುದರಲ್ಲಿ ಸಂಜೆ ಹೋಗುತ್ತದೆ. ಇದರ ಮಧ್ಯೆ ಮಗಳು ಪ್ಲಾಸ್ಟಿಕ್ ಮರದ ಮೇಲೆ ಹತ್ತಿ ಅಂಟಿಸಿ ಹಿಮ ಮಾಡುತ್ತಿದ್ದಳು. ಹೊರಗೆ ಮಂಗಳೂರಿನ ಸೆಕೆ, ನನ್ನ ಬೆನ್ನು ಪೂರ್ತಿ ಒದ್ದೆ. ನಾವು ಸಣ್ಣವರಿದ್ದಾಗ ಗಾಳಿ ಮರದ ಒಂದು ಕೊಂಬೆ ಕಡಿದು ಬಕೆಟಿನ ಮರಳಲ್ಲಿ ನೆಟ್ಟರೆ ಮುಗಿಯುತ್ತಿತ್ತು. ನನ್ನ ನಾದಿನಿಯ ಮನೆಯಲ್ಲಿ ಈ ವರ್ಷ ಬಂಗಾರ-ಬಿಳಿ ಥೀಮ್ ಅಂತೆ. ಗೋದಲಿಯೇ ಇಟ್ಟಿಲ್ಲ, ಬಣ್ಣ ಹೊಂದುವುದಿಲ್ಲವಂತೆ. ನಾನೇನೂ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ ಅಷ್ಟೇ.

ಅಂಗಡಿಯಿಂದ ಬರಿಗೈಯಲ್ಲಿ ಮನೆಗೆ ಬಂದಾಗ ಕುರುಬನೊಬ್ಬನಿಗೆ ಬಡ್ತಿ ಕೊಟ್ಟು ಮರಿಯಮ್ಮನ ಪಕ್ಕ ನಿಲ್ಲಿಸಿ ನೋಡಿದೆವು. ಮಗಳು ಒಪ್ಪಲಿಲ್ಲ. "ಹೆಗಲ ಮೇಲೆ ಕುರಿ ಉಂಟಲ್ಲ! ಎಲ್ರಿಗೂ ಗೊತ್ತಾಗ್ತದೆ." ಅವಳದ್ದು ಸರಿಯೇ.

ಆಗ ಮಮ್ಮಿ ಹೇಳಿದ ಮಾತು ನಾಲ್ಕು ದಿನದಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ. ಮನೆಯಲ್ಲಿ ನಮ್ಮದು ಕೊಂಕಣಿ. ಕನ್ನಡಕ್ಕೆ ತಂದರೆ ಸುಮಾರಾಗಿ ಹೀಗೆ (ಜುಜೆ ಅಂದರೆ ಜೋಸೆಫ್):

"ಇರ್ಲಿ ಬಿಡು. ಜುಜೆ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಗಲ್ಫಿಗೆ ಹೋಗಿದ್ದಾನೆ ಅಂತ ಹೇಳು. ರಜೆ ಸಿಗಲಿಲ್ಲಂತೆ."

ಎಲ್ಲರೂ ನಕ್ಕೆವು. ನಮ್ಮವರಂತೂ ಕೆಮ್ಮುವ ತನಕ ನಕ್ಕರು. ಜಗಲಿಯಲ್ಲಿ ಪಪ್ಪ ನಕ್ಷತ್ರ ಕಟ್ಟುತ್ತಿದ್ದರು. ದೀಪಾವಳಿಗೆ ಪಕ್ಕದ ಮನೆಯವರ ಗೂಡುದೀಪಕ್ಕೆ ಸೀಳಿದ ಬಿದಿರಿನಲ್ಲಿ ಉಳಿದ ಕಡ್ಡಿಗಳು, ಕೆಂಪು ಕಾಗದ, ಗಿಂಡಿಯಲ್ಲಿ ಕಾಸಿದ ಮೈದಾ ಅಂಟು. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಕಾಗದದ ಅಂಚಿಗೆ ಬೆರಳಲ್ಲಿ ಅಂಟು ಸವರುತ್ತಿದ್ದವರು ಒಂದು ಕ್ಷಣ ನಿಲ್ಲಿಸಿದರು. ಮತ್ತೆ ಸವರಿದರು. "ಅಂಟು ತೆಳ್ಳಗಾಯ್ತು, ಇನ್ನೂ ಸ್ವಲ್ಪ ಕಾಸ್ಬೇಕು" ಅಂದರು. ಅಷ್ಟೇ.

ಪಪ್ಪ ಬಹರೈನಿಗೆ ಹೋದದ್ದು 1986ರಲ್ಲಿ. ವಾಪಸು ಬಂದದ್ದು 2008ರಲ್ಲಿ. ಆ 22 ವರ್ಷಗಳಲ್ಲಿ ಕ್ರಿಸ್ಮಸ್‌ಗೆ ಮನೆಯಲ್ಲಿದ್ದದ್ದು ನಾಲ್ಕು ಸಲ. ಎರಡು ವರ್ಷಕ್ಕೊಮ್ಮೆ ರಜೆ, ಅದೂ ಹೆಚ್ಚಾಗಿ ಏಪ್ರಿಲ್-ಮೇಯಲ್ಲಿ, ನಮ್ಮ ಶಾಲೆಗೆ ರಜೆ ಇದ್ದಾಗ. ಈ ಗೋದಲಿಯ ಬೊಂಬೆಗಳನ್ನು ಮಮ್ಮಿ ಕೊಂಡದ್ದೇ ಅವರು ಕಳಿಸಿದ ಡ್ರಾಫ್ಟಿನ ಹಣದಲ್ಲಿ. ಪ್ರತಿ ವರ್ಷ ಗೋದಲಿಯ ಫೋಟೋ ತೆಗೆಸಿ ಅವರಿಗೆ ಕಳಿಸುತ್ತಿದ್ದೆವು. ಅದು ಅವರ ಕೈ ಸೇರುವಾಗ ನಾವು ಎಲ್ಲ ಬಿಚ್ಚಿ ಡಬ್ಬಕ್ಕೆ ಹಾಕಿ ಆಗಿರುತ್ತಿತ್ತು.

ಮಮ್ಮಿ ಹೇಳಿದ್ದು ತಮಾಷೆಯಾ? ಖಂಡಿತ ತಮಾಷೆಯೇ. ಆದರೆ "ರಜೆ ಸಿಗಲಿಲ್ಲಂತೆ" ಎಂಬುದು ಅವರ ಬಾಯಿಗೆ ಆ ದಿನ ಹೊಸದಾಗಿ ಬಂದ ಮಾತಲ್ಲ. ಚರ್ಚಿನ ಅಂಗಳದಲ್ಲಿ, ಮದುವೆ ಮನೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಯಾರು ಕೇಳಿದರೂ ಅದೇ ದನಿಯಲ್ಲಿ ಅದೇ ಉತ್ತರ ಕೊಟ್ಟಿದ್ದಾರೆ. ಆ 'ಅಂತೆ' ಮುಖ್ಯ. ಪತ್ರದಲ್ಲಿ ಬರೆದದ್ದನ್ನು ನಾನು ಹೇಳುತ್ತಿದ್ದೇನೆ, ನನ್ನನ್ನು ಮತ್ತೆ ಕೇಳಬೇಡಿ ಎಂಬ ಅರ್ಥ ಅದಕ್ಕೆ. ಅಂಗಡಿಯವನ "ಯಾರೂ ಬಿಡಿ ಕೇಳುದಿಲ್ಲ" ಮತ್ತು ಮಮ್ಮಿಯ "ರಜೆ ಸಿಗಲಿಲ್ಲಂತೆ" ಈಗ ನನ್ನ ತಲೆಯಲ್ಲಿ ಜೋಡಿಯಾಗಿ ಓಡಾಡುತ್ತಿವೆ.

ಜೋಸೆಫನ ಬಗ್ಗೆ ನಾನು ಇಷ್ಟು ಯೋಚಿಸಿದ್ದು ಇದೇ ಮೊದಲು. ಬೈಬಲಿನ ಸುವಾರ್ತೆಗಳಲ್ಲಿ ಅವನ ಬಾಯಿಂದ ಒಂದೇ ಒಂದು ಮಾತಿಲ್ಲ. ಮರಿಯಮ್ಮ ಮಾತಾಡುತ್ತಾಳೆ, ದೇವದೂತರು ಮಾತಾಡುತ್ತಾರೆ, ರಾಜ ಹೆರೋದ ಕೂಡ ಮಾತಾಡುತ್ತಾನೆ. ಇವನಿಗೆ ಕನಸು ಬೀಳುತ್ತದೆ, ಎದ್ದು ಹೇಳಿದಂತೆ ಮಾಡುತ್ತಾನೆ. ಚರ್ಚಿನಲ್ಲಿ ನಡೆಯುವ ಬಲಿಪೂಜೆಯ ಹಳೆಯ ರೋಮನ್ ಪ್ರಾರ್ಥನೆಯಲ್ಲಿ ಎಷ್ಟೆಲ್ಲ ಸಂತರ ಹೆಸರುಗಳಿವೆ, ಆದರೆ ಇವನ ಹೆಸರು ಸೇರಿದ್ದು 1962ರಲ್ಲಿ. ಬಲಿಪೂಜೆಯ ಅಂಥ ಉಳಿದ ಪ್ರಾರ್ಥನೆಗಳಿಗೆ ಬರಲು 2013 ಆಗಬೇಕಾಯಿತು. ಗೋದಲಿಯ ವಿಷಯದಲ್ಲೂ ಹಾಗೆಯೇ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಮಾಡಿದ ಗೋದಲಿಯಲ್ಲಿ ಬೊಂಬೆಗಳೇ ಇರಲಿಲ್ಲವಂತೆ. ಹುಲ್ಲು, ಜೀವಂತ ಎತ್ತು, ಕತ್ತೆ, ಸುತ್ತ ಊರಿನ ಜನ. ಇದನ್ನು ಓದಿ ನನಗೆ ಖುಷಿಯಾಯಿತು. ಓಡಿಹೋಗಿ ಮಮ್ಮಿಗೆ ಹೇಳಿದರೆ, "ಅವರು ಕಳ್ಕೊಂಡದ್ದಲ್ಲ, ಇಡದೇ ಇದ್ದದ್ದು" ಎಂದು ಒಂದೇ ಏಟಿಗೆ ಮುಗಿಸಿದರು.

ಜೋಸೆಫ್ ಕೂಡ ಪರದೇಶಕ್ಕೆ ಹೋದವನೇ, ಅಲ್ವಾ? ರಾತ್ರೋರಾತ್ರಿ ಈಜಿಪ್ಟಿಗೆ. ಆದರೆ ಹೆಂಡತಿ ಮಗುವನ್ನು ಜೊತೆಗೇ ಕರೆದುಕೊಂಡು ಹೋದ. ಅವನಿಗೆ ಫ್ಯಾಮಿಲಿ ವೀಸಾ ಬೇಕಿರಲಿಲ್ಲ. ಪಪ್ಪನಿಗೆ ಬೇಕಿತ್ತು. ಅದಕ್ಕೆ ಬೇಕಾದಷ್ಟು ಸಂಬಳ ಕೊನೆಯ ತನಕ ಆಗಲೇ ಇಲ್ಲ. ಸಣ್ಣವಳಿದ್ದಾಗ ನನಗೆ ಪಪ್ಪ ಅಂದರೆ ಏರ್‌ಮೇಲ್ ಕವರು, ಸೋಪಿನ ಪರಿಮಳ, ಈ ನಿಡೋ ಡಬ್ಬ. ಬಂದು ಎರಡು ತಿಂಗಳಿದ್ದು ಹೋಗುವ ನೆಂಟ. ಅವರಿಲ್ಲದ ಕ್ರಿಸ್ಮಸ್‌ಗಳಲ್ಲಿ ನಮಗೆ ಏನೂ ಕಡಿಮೆ ಅನಿಸುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಹೊಸ ಬಟ್ಟೆ, ಡಬ್ಬ ತುಂಬ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳು, ಬೇಕಾದಷ್ಟು ಪಟಾಕಿ. ಅವರಿಗೆ ಹೇಗಿತ್ತು ಎಂದು ಕೇಳಿಯೇ ಇಲ್ಲ. ನಿಜಕ್ಕೂ ಯಾರೂ ಬಿಡಿ ಕೇಳುದಿಲ್ಲ.

ಭಾನುವಾರ ಪಕ್ಕದ ಮನೆಯ ಶೆಟ್ರ ಹೆಂಡತಿ ಬಂದವರು ಗೋದಲಿ ನೋಡಿ, "ಒಬ್ಬರು ಕಡಿಮೆ ಇದ್ದ ಹಾಗೆ ಉಂಟಲ್ಲ" ಅಂದರು. ಮಮ್ಮಿ ತಯಾರಾಗಿಯೇ ಇದ್ದರು. ಗಲ್ಫು, ರಜೆ, ಎಲ್ಲ ಹೇಳಿದರು. ಶೆಟ್ರ ಹೆಂಡತಿ ಜೋರಾಗಿ ನಕ್ಕರು. ಅವರ ಮಗ ಕತಾರಿನಲ್ಲಿದ್ದಾನೆ. ನಕ್ಕು ಮುಗಿಸಿ, "ನಮ್ಮವನಿಗೂ ಇನ್ನು ಮೇ ತಿಂಗಳಿಗೇ ಅಂತೆ" ಅಂದರು. ಇಬ್ಬರೂ ಕಿಡಿಯೊ ತಿಂಡಿಯ ಹಿಟ್ಟಿಗೆ ತೆಂಗಿನ ಹಾಲು ಎಷ್ಟು ಎಂಬ ಮಾತಿಗೆ ಹೋದರು.

ನಿನ್ನೆ ರಾತ್ರಿ ನಕ್ಷತ್ರ ಏರಿಸುವಾಗ ಪಪ್ಪ ಸ್ಟೂಲಿನ ಮೇಲೆ, ನಾನು ಸ್ಟೂಲ್ ಹಿಡಿದುಕೊಂಡು ಕೆಳಗೆ. 74 ವರ್ಷ, ಬೇಡ ಎಂದರೆ ಕೇಳುವುದಿಲ್ಲ. ವಯರ್ ಕಟ್ಟುತ್ತಾ ಕೇಳಿದರು:

"ಆ ಸೆಟ್ಟಿಗೆ ಎಷ್ಟು ಹೇಳಿದ?"

"1,450."

"ಜಾಸ್ತಿ ಆಯ್ತು."

ಹೋಲ್ಡರಿಗೆ ಬಲ್ಬ್ ಹಾಕಿದರು. ಹೊತ್ತಲಿಲ್ಲ. ತೆಗೆದು, ಅಂಗಿಗೆ ಒರೆಸಿ, ಮತ್ತೆ ಹಾಕಿದರು.

"ಅದ್ರಲ್ಲಿ ಜೋಸೆಫ್ ಹೇಗಿದ್ದಾನೆ?"

"ನಿಂತಿದ್ದಾನೆ ಪಪ್ಪ. ಕೈಯಲ್ಲಿ ಒಂದು ಲಾಟೀನು ಉಂಟು."

"ಹ್ಞೂಂ" ಅಂದರು. "ಸ್ವಿಚ್ ಹಾಕಿ ನೋಡು."