ಪಾಸ್‌ವರ್ಡ್ ಉಳಿಸಿಡಿ, ತಾನಾಗಿ ತುಂಬಲು ಬಿಡಬೇಡಿ

ಲಾಗಿನ್ ಪುಟ ತೆರೆದ ಕೂಡಲೇ ಪಾಸ್‌ವರ್ಡ್ ತಾನಾಗಿ ತುಂಬಿಕೊಂಡಿದೆಯೇ? ಆ ಚುಕ್ಕೆಗಳ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ. ಕೋಡ್‌ನಲ್ಲಿ ‘ಟೈಪ್’ ಎಂಬುದರ ಮುಂದಿರುವ ‘ಪಾಸ್‌ವರ್ಡ್’ ಅಳಿಸಿ, ‘ಟೆಕ್ಸ್ಟ್’ ಎಂದು ಬರೆದು ಎಂಟರ್ ಕೊಡಿ. ಚುಕ್ಕೆಗಳಿದ್ದ ಕಡೆ ನಿಮ್ಮ ಪಾಸ್‌ವರ್ಡ್ ಅಕ್ಷರ ಬಿಡದೆ ಕಾಣುತ್ತದೆ. ಲಾಕ್ ಮಾಡದೆ ಟೀ ಕುಡಿಯಲು ಎದ್ದು ಹೋದ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ಅರ್ಧ ನಿಮಿಷ ಸಾಕು.

ಮನುಷ್ಯರೇ ಬೇಕೆಂದಿಲ್ಲ. 2017ರ ಡಿಸೆಂಬರ್‌ನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಜಾಹೀರಾತು ಸ್ಕ್ರಿಪ್ಟ್‌ಗಳನ್ನು, ಅಂದರೆ ವೆಬ್ ಪುಟದೊಳಗೆ ಓಡುವ ಸಣ್ಣ ಪ್ರೋಗ್ರಾಂಗಳನ್ನು ಹಿಡಿದರು. ಅವು ಕಣ್ಣಿಗೆ ಕಾಣದ ಲಾಗಿನ್ ಫಾರ್ಮ್ ಸೇರಿಸುತ್ತಿದ್ದವು. ಬ್ರೌಸರ್ ಪಾಪ, ನಿಜವಾದದ್ದೆಂದು ನಂಬಿ ತುಂಬುತ್ತಿತ್ತು. ಆ ಸ್ಕ್ರಿಪ್ಟ್‌ಗಳು ಎತ್ತಿಕೊಂಡದ್ದು ಇಮೇಲ್ ವಿಳಾಸ ಮಾತ್ರ. ಅದೇ ದಾರಿಯಲ್ಲಿ ಪಾಸ್‌ವರ್ಡ್ ಕದಿಯುವುದಕ್ಕೂ ಸಾಧ್ಯವಿದೆ.

ಫೈರ್‌ಫಾಕ್ಸ್‌ನಲ್ಲಿ ಪರಿಹಾರ ಸುಲಭ. ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಪಾಸ್‌ವರ್ಡ್ಸ್ ವಿಭಾಗಕ್ಕೆ ಹೋಗಿ ತಾನಾಗಿ ತುಂಬುವ ಆಯ್ಕೆಯ ಟಿಕ್ ಮಾತ್ರ ತೆಗೆಯಿರಿ. ಉಳಿಸಿದ್ದೆಲ್ಲ ಹಾಗೇ ಇರುತ್ತದೆ, ಖಾನೆಯ ಮೇಲೆ ಕ್ಲಿಕ್ ಮಾಡಿ ಆರಿಸಿದಾಗ ಮಾತ್ರ ತುಂಬುತ್ತದೆ. ಅಲ್ಲೇ ‘ಪ್ರೈಮರಿ ಪಾಸ್‌ವರ್ಡ್’, ಅಂದರೆ ಉಳಿಸಿದ್ದೆಲ್ಲಕ್ಕೂ ಬೀಗವಾಗುವ ಒಂದು ಪಾಸ್‌ವರ್ಡ್ ಕೂಡ ಹಾಕಿಬಿಡಿ.

ಕ್ರೋಮ್‌ನಲ್ಲಿ ತುಂಬ ಜನ ಎಡವುತ್ತಾರೆ. ಪಾಸ್‌ವರ್ಡ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆಫರ್ ಟು ಸೇವ್’ ಆಫ್ ಮಾಡಿದರೆ ಹೊಸದನ್ನು ಉಳಿಸಲೇ ಎಂದು ಕೇಳುವುದು ನಿಲ್ಲುತ್ತದೆ, ಅಷ್ಟೇ. ಹಿಂದೆ ಉಳಿಸಿದ್ದು ಅಲ್ಲೇ ಇದ್ದು ಎಂದಿನಂತೆ ತುಂಬುತ್ತಿರುತ್ತದೆ, ಅದನ್ನು ಅಳಿಸುವುದು ಖಚಿತ ದಾರಿ. ಅಳಿಸುವ ಮೊದಲು ಬಿಟ್‌ವಾರ್ಡನ್‌ನಂಥ ಪ್ರತ್ಯೇಕ ಪಾಸ್‌ವರ್ಡ್ ಮ್ಯಾನೇಜರ್‌ಗೆ ಎಲ್ಲವನ್ನೂ ಸಾಗಿಸಿ, ನಾಲ್ಕೈದು ಖಾತೆಗಳಿಗೆ ಲಾಗಿನ್ ಆಗಿ ನೋಡಿ. ಸಿಂಕ್ (ಒಂದೇ ಖಾತೆಯ ಎಲ್ಲ ಸಾಧನಗಳಲ್ಲೂ ಒಂದೇ ಮಾಹಿತಿ ಇಡುವ ವ್ಯವಸ್ಥೆ) ಆನ್ ಇದ್ದರೆ ಇಲ್ಲಿ ಅಳಿಸಿದ್ದು ಫೋನ್‌ನಲ್ಲೂ ಅಳಿಯುತ್ತದೆ. ಬಿಟ್‌ವಾರ್ಡನ್‌ನಲ್ಲಿ ಪುಟ ತೆರೆದೊಡನೆ ತುಂಬುವ ಆಯ್ಕೆ ಮೊದಲಿಂದಲೇ ಆಫ್ ಇರುತ್ತದೆ, ಹಾಗೇ ಬಿಡಿ. ಬೇಕಾದಾಗ ಕಂಟ್ರೋಲ್, ಶಿಫ್ಟ್, ಎಲ್ ಒಟ್ಟಿಗೆ ಒತ್ತಿದರೆ ತುಂಬುತ್ತದೆ.

ಇಷ್ಟೆಲ್ಲ ಯಾಕೆ, ಡೈರಿಯಲ್ಲಿ ಬರೆದಿಟ್ಟು ಟೈಪ್ ಮಾಡಿದರಾಯಿತಲ್ಲ ಎನ್ನಬೇಡಿ. ಮ್ಯಾನೇಜರ್ ವೆಬ್ ವಿಳಾಸ ಹೊಂದಿಸಿ ನೋಡುತ್ತದೆ. ಬ್ಯಾಂಕಿನ ಹೆಸರಲ್ಲಿ ಒಂದಕ್ಷರ ಬದಲಿಸಿದ ನಕಲಿ ಪುಟ ನಮ್ಮ ಕಣ್ಣಿಗೆ ಮಣ್ಣೆರಚಬಹುದು, ಅದಕ್ಕಲ್ಲ. ಒತ್ತಿದರೂ ತುಂಬಲಿಲ್ಲವೆಂದರೆ ಕಾಪಿ ಪೇಸ್ಟ್ ಮಾಡಲು ಹೋಗದೆ ಮೊದಲು ವಿಳಾಸ ಓದಿ.

ಸಾಗಿಸುವಾಗ ಕ್ರೋಮ್ ಕೊಡುವ ಸಿಎಸ್‌ವಿ ಫೈಲ್‌ಗೆ ಯಾವ ಬೀಗವೂ ಇಲ್ಲ, ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಎಲ್ಲ ಪಾಸ್‌ವರ್ಡ್ ಕಾಣುತ್ತವೆ. ಕೆಲಸ ಮುಗಿದ ತಕ್ಷಣ ಡೌನ್‌ಲೋಡ್ಸ್‌ನಿಂದ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.